ಹೂವಿಗೆ ಹೂ ಮುಟ್ಟಿಸಿದ ಕೈ

ಹೋದ ವರ್ಷ ನಮ್ಮ ಮನೆಯ ತಾರಸಿಯ ಮೇಲೆ ನನಗೊಂದು ಅವಮಾನವಾಯಿತು. ಅವಮಾನ ಅನ್ನುವುದು ದೊಡ್ಡ ಮಾತಾಯಿತೇನೋ. ಆದರೆ ಮೂವತ್ತು ವರ್ಷದಿಂದ ಕುಂಡದಲ್ಲಿ ಗಿಡ ಬೆಳೆಸುತ್ತ, ಅಕ್ಕಪಕ್ಕದವರಿಗೆಲ್ಲ ಬಿಟ್ಟಿ ಸಲಹೆ ಹಂಚುತ್ತ ಬಂದವಳ ಕಣ್ಣೆದುರಿಗೇ ಒಂದು ಗಿಡ ಹನ್ನೊಂದು ಹೀಚುಗಳನ್ನು ಒಂದಾದ ಮೇಲೊಂದು ಉದುರಿಸಿದರೆ ಬೇರೆ ಯಾವ ಪದ ಹುಡುಕಲಿ?

ಬೀಜ ತಂದವಳು ಮಗಳು. ಬೆಂಗಳೂರಿನಿಂದ ಶಿವಮೊಗ್ಗಕ್ಕೆ ಬರುವಾಗ ಒಂದು ಪೊಟ್ಟಣ ತಂದು, ‘ಜುಕಿನಿ ಅಮ್ಮ, ಹಾಕಿ ನೋಡು’ ಎಂದಳು. ಪೊಟ್ಟಣದ ಮೇಲೆ ಸೌತೆಕಾಯಿಯ ಹಾಗೆ ನೀಳವಾದ ಕಡುಹಸಿರು ಕಾಯಿಗಳ ಚಿತ್ರ. ನವೆಂಬರಿನಲ್ಲಿ ಮೂರು ಕುಂಡಗಳಿಗೆ ಹಾಕಿದೆ. ಬಳ್ಳಿ ಹಬ್ಬುತ್ತದೆ ಎಂದು ಕಾದರೆ ಹಬ್ಬಲೇ ಇಲ್ಲ, ಪೊದೆಯಾಗಿ ಕೂತುಬಿಟ್ಟಿತು. ಮೊರದಗಲ ಎಲೆ, ಎಲೆಯ ಮೇಲೆ ಬೆಳ್ಳಿಯ ಬಣ್ಣದ ಮಚ್ಚೆ. ರೋಗವೆಂದು ಹೆದರಿ ಬೇವಿನೆಣ್ಣೆ ಸಿಂಪಡಿಸಿದೆ. ಆಮೇಲೆ ಗೊತ್ತಾಯಿತು, ಆ ಮಚ್ಚೆ ಅದರ ಹುಟ್ಟುಗುಣವಂತೆ. ಜನವರಿಯ ಹೊತ್ತಿಗೆ ಹೂ ಬಂತು. ಥೇಟು ನಮ್ಮ ಸಿಹಿಕುಂಬಳದ ಹೂವೇ. ಹೂವಿನ ಹಿಂದೆ ಬೆರಳಿನಷ್ಟು ಪುಟ್ಟ ಕಾಯಿ. ನೋಡಿ ಹಿಗ್ಗಿದೆ. ನಾಲ್ಕನೇ ದಿನಕ್ಕೆ ಆ ಕಾಯಿಯ ತುದಿ ಹಳದಿಯಾಗಿ, ಮೆತ್ತಗಾಗಿ, ಮುಟ್ಟಿದರೆ ಕೈಗೆ ಬಂತು.

ಎರಡನೆಯದೂ ಹಾಗೇ, ಮೂರನೆಯದೂ ಹಾಗೇ. ಹುಳಿಮಜ್ಜಿಗೆ ಹಾಕಿದೆ, ಒಲೆಬೂದಿ ಎಲ್ಲಿಂದಲೋ ತರಿಸಿ ಹಾಕಿದೆ, ಬೇವಿನ ಹಿಂಡಿ ಹಾಕಿದೆ. ಪಕ್ಕದ ಮನೆಯಾಕೆ ದೃಷ್ಟಿಯೆಂದು ತೀರ್ಮಾನ ಕೊಟ್ಟು ಹಳೆಯ ಚಪ್ಪಲಿಯೊಂದನ್ನು ಕಟ್ಟಿಸಿದರು. ಚಪ್ಪಲಿಯ ಕೆಳಗೆ ಹನ್ನೊಂದನೆಯ ಹೀಚೂ ಉದುರಿತು.

ಅಷ್ಟರಲ್ಲಿ ಸಾಗರದ ಕಡೆಯಿಂದ ನನ್ನ ಅತ್ತಿಗೆ ಬಂದರು, ಅಣ್ಣನ ಹೆಂಡತಿ. ನಂಟರ ಮನೆಯ ಮದುವೆಗೆಂದು ಬಂದು ನಾಲ್ಕು ದಿನ ನಮ್ಮಲ್ಲಿ ಉಳಿದರು. ಸಂಜೆ ಬಟ್ಟೆ ತೆಗೆಯಲು ತಾರಸಿಗೆ ಬಂದವರು ಕುಂಡದ ಮುಂದೆ ಕುಕ್ಕುರುಗಾಲಲ್ಲಿ ಕೂತು ಉದುರಿದ ಒಂದು ಹೀಚನ್ನು ಎತ್ತಿ, ಉಗುರಿನಿಂದ ಸೀಳಿ ನೋಡಿದರು.

‘ರೋಗ ಗೀಗ ಎಂಥದ್ದೂ ಇಲ್ಲ ಮಾರಾಯ್ತಿ. ಹೂವಿಗೆ ಹೂ ಮುಟ್ಟಿಲ್ಲ, ಅಷ್ಟೇ. ಈ ಮೂರನೇ ಮಾಳಿಗೆಗೆ ಜೇನು ಎಲ್ಲಿಂದ ಬರ್ಬೇಕು? ನಾಳೆ ಬೆಳಿಗ್ಗೆ ಆರೂವರೆಗೆ ಬಾ. ಕಾಫಿ ಆಮೇಲೆ.’

ಆರೂವರೆಗೆ ಹೋದೆ. ಎರಡು ಹೂ ಅರಳಿದ್ದವು. ಒಂದಕ್ಕೆ ಬರೀ ಉದ್ದನೆಯ ತೊಟ್ಟು, ಅದು ಗಂಡು. ಇನ್ನೊಂದಕ್ಕೆ ಹಿಂದೆ ಪುಟ್ಟ ಕಾಯಿ, ಅದು ಹೆಣ್ಣು. ಅತ್ತಿಗೆ ಗಂಡು ಹೂವನ್ನು ತೊಟ್ಟು ಸಮೇತ ಕಿತ್ತು, ಬಾಳೆಹಣ್ಣು ಸುಲಿದ ಹಾಗೆ ಎಸಳುಗಳನ್ನು ಕೆಳಕ್ಕೆ ಸುಲಿದರು. ನಡುವೆ ಅರಿಸಿನದಲ್ಲಿ ಅದ್ದಿದಂತಹ ಒಂದು ಕಡ್ಡಿ ಉಳಿಯಿತು. ಅದನ್ನು ಹೆಣ್ಣು ಹೂವಿನೊಳಗಿನ ಶಲಾಕಾಗ್ರಕ್ಕೆ ಸುತ್ತಲೂ ಮೆಲ್ಲಗೆ ಸವರಿದರು. ಅಷ್ಟೇ ಕೆಲಸ. ಅಕ್ಷತೆ ಹಾಕುವಷ್ಟು ಹೊತ್ತೂ ಹಿಡಿಯಲಿಲ್ಲ. ನಾನು ನೋಡುತ್ತಿದ್ದದ್ದು ಹೂವನ್ನಲ್ಲ, ಅವರ ಹೆಬ್ಬೆರಳನ್ನು. ಅದು ಕಣ್ಣಿನ ಸಹಾಯವನ್ನೇ ಬೇಡದೆ ತನ್ನ ಪಾಡಿಗೆ ತಾನು ಕೆಲಸ ಮುಗಿಸಿತ್ತು. ಆ ಹೆಬ್ಬೆರಳಿನ ಕಥೆಗೆ ಆಮೇಲೆ ಬರುತ್ತೇನೆ. ಮೊದಲು ಈ ಹೂವಿನ ಕಥೆ.

ಕುಂಬಳದ ಬಳಗದಲ್ಲಿ ಹೆಚ್ಚಿನವು ಒಂದೇ ಬಳ್ಳಿಯಲ್ಲಿ ಗಂಡು ಹೂ ಬೇರೆ, ಹೆಣ್ಣು ಹೂ ಬೇರೆ ಬಿಡುತ್ತವೆ. ಪರಾಗ ದಪ್ಪ, ಅಂಟು. ಗಾಳಿಗೆ ಹಾರುವಂಥದ್ದಲ್ಲ. ಯಾರಾದರೂ ಹೊತ್ತೊಯ್ದು ಮುಟ್ಟಿಸಲೇಬೇಕು. ಹೂ ಬೆಳಗಿನ ಜಾವಕ್ಕೆ ಅರಳಿ ಬಿಸಿಲೇರುವ ಹೊತ್ತಿಗೆ ಮುಚ್ಚಿಬಿಡುತ್ತದೆ. ಮರುದಿನ ಮತ್ತೆ ತೆರೆಯುವುದಿಲ್ಲ. ಪರಾಗ ಸಾಕಷ್ಟು ಸೇರದಿದ್ದರೆ ಕಾಯಿ ಒಂದು ಕಡೆ ಸೊಟ್ಟಗೆ, ತುದಿ ಸಣ್ಣಗೆ ಆಗುತ್ತದೆ. ಸೇರದೇ ಇದ್ದರೆ ನನ್ನ ಹನ್ನೊಂದರ ಗತಿ.

ಜುಕಿನಿ ಅನ್ನುವುದು ಇಟಲಿಯ ಹೆಸರು. ಕುಂಬಳಕ್ಕೆ ಅವರಲ್ಲಿ ಜುಕ್ಕ ಅನ್ನುತ್ತಾರೆ, ಇದು ಮರಿ ಜುಕ್ಕ. ಫ್ರೆಂಚರ ಕೂರ್ಜೆಟ್ ಅನ್ನುವುದೂ ಅದೇ ಅರ್ಥದ್ದು. ಹತ್ತೊಂಬತ್ತನೆಯ ಶತಮಾನದ ಕೊನೆಯ ಹೊತ್ತಿಗೆ ಉತ್ತರ ಇಟಲಿಯ ತೋಟಗಾರರು ಆರಿಸಿ ಆರಿಸಿ ಈ ನೀಳ ಕಾಯಿಯ ತಳಿಯನ್ನು ನಿಲ್ಲಿಸಿದರು. ಆದರೆ ತವರು ಇಟಲಿಯಲ್ಲ, ಮೆಕ್ಸಿಕೊ. ಅಲ್ಲಿನ ಓಹಾಕ ಪ್ರಾಂತದಲ್ಲಿ ಗಿಲಾ ನಕಿಟ್ಸ್ ಎಂಬ ಗುಹೆಯಿದೆ. 1966ರಲ್ಲಿ ಅದನ್ನು ಅಗೆದಾಗ ಸಿಕ್ಕ ಕುಂಬಳಬೀಜಗಳ ವಯಸ್ಸನ್ನು 1997ರಲ್ಲಿ ಮತ್ತೆ ಅಳೆದು ನೋಡಿದರು. ಸುಮಾರು ಹತ್ತು ಸಾವಿರ ವರ್ಷ! ಅಲ್ಲಿನ ಜನ ಜೋಳ ಬೆಳೆಯುವುದಕ್ಕೆ ಎಷ್ಟೋ ಮೊದಲೇ ಕುಂಬಳ ಬೆಳೆದಿದ್ದರು. ಆಗಿನ ಕಾಡುಕಾಯಿಯ ತಿರುಳು ಬಾಯಿಗಿಡಲಾರದಷ್ಟು ಕಹಿ. ಬೀಜಕ್ಕಾಗಿಯೋ ಬುರುಡೆಯನ್ನು ಪಾತ್ರೆಯಾಗಿ ಬಳಸುವುದಕ್ಕೋ ಇಟ್ಟುಕೊಂಡಿದ್ದಿರಬೇಕು. ಅವುಗಳಲ್ಲೇ ಕಹಿ ಕಡಿಮೆ ಇದ್ದುದರ ಬೀಜವನ್ನು ಎತ್ತಿಟ್ಟುಕೊಳ್ಳುತ್ತ ಎತ್ತಿಟ್ಟುಕೊಳ್ಳುತ್ತ ಬಂದವರಿಂದ ನಮ್ಮ ಹುಳಿಗೆ ಬೀಳುವ ಹೋಳು ಬಂತು. ಎತ್ತಿಟ್ಟವರು ಯಾರು ಎಂದು ಎಲ್ಲೂ ದಾಖಲಾಗಿಲ್ಲ. ಬೀಜ ಒಣಗಿಸಿ ಬೂದಿಯಲ್ಲಿ ಹೊರಳಿಸಿ ಮಡಕೆಯಲ್ಲಿಡುತ್ತಿದ್ದ ಅಮ್ಮ, ಅಜ್ಜಿಯರನ್ನು ಕಂಡ ನನಗೆ ಅದು ಯಾರ ಕೆಲಸವಾಗಿದ್ದಿರಬಹುದೆಂಬ ಬಗ್ಗೆ ಸಂದೇಹವಿಲ್ಲ. ಸಾಕ್ಷ್ಯ ಕೇಳಬೇಡಿ.

ಅಂದ ಹಾಗೆ, ನಮ್ಮ ಸಿಹಿಕುಂಬಳವೂ ಅಮೆರಿಕ ಖಂಡದ್ದೇ. ಮಲೆನಾಡಿನಲ್ಲಿ ನಾವು ಚೀನಿಕಾಯಿ ಎಂದರೂ ಚೀನಕ್ಕೂ ಅದರ ಹುಟ್ಟಿಗೂ ಸಂಬಂಧವಿಲ್ಲ. ಕೊಲಂಬಸ್ ಆ ಕಡೆ ಹೋಗಿಬಂದ ನಂತರವೇ ಅದು ನಮ್ಮ ಹಿತ್ತಲಿಗೆ ಬಂದದ್ದು. ಬೂದುಗುಂಬಳ ಮಾತ್ರ ನಮ್ಮ ಏಷ್ಯಾದ್ದು.

ಮೆಕ್ಸಿಕೊದ ಕುಂಬಳಕ್ಕೆ ಅದರದ್ದೇ ಆದ ಜೇನಿದೆ. ಗೂಡಿನಲ್ಲಿ ಗುಂಪಾಗಿ ಬಾಳುವುದಲ್ಲ, ಒಂಟಿಯಾಗಿ ನೆಲದೊಳಗೆ ಬಿಲ ತೋಡಿಕೊಂಡಿರುವಂಥದ್ದು. ಕುಂಬಳದ ಹೂವಿನ ಪರಾಗವನ್ನೇ ಮರಿಗಳಿಗೆ ಉಣಿಸುತ್ತದೆ. ಜನ ಕುಂಬಳ ಬೆಳೆಯುತ್ತ ಉತ್ತರ ಅಮೆರಿಕದ ಉದ್ದಕ್ಕೂ ಹರಡಿದಂತೆ ಆ ಹುಳವೂ ಹಿಂದೆಯೇ ಹೋಯಿತಂತೆ, ಮಗಳ ಮನೆಗೆ ಹೋಗುವ ತಾಯಿಯ ಹಾಗೆ. ಗಂಡು ಹುಳಗಳಂತೂ ಹೆಣ್ಣು ಹುಡುಕಿ ದಣಿದು ಮಧ್ಯಾಹ್ನ ಮುಚ್ಚಿದ ಹೂವಿನೊಳಗೇ ನಿದ್ದೆ ಹೊಡೆಯುತ್ತವೆ. ಈ ಹುಳ ಸಮುದ್ರ ದಾಟಿ ನಮ್ಮಲ್ಲಿಗೆ ಬರಲಿಲ್ಲ. ನಮ್ಮಲ್ಲಿ ಆ ಕೆಲಸವನ್ನು ತುಡುವೆ ಜೇನು, ಕೋಲುಜೇನು, ಹೆಜ್ಜೇನುಗಳು ವಹಿಸಿಕೊಂಡವು.

ನನ್ನ ತವರಿನ ಹಿತ್ತಲಲ್ಲಿ ಗೊಬ್ಬರದ ಗುಂಡಿಯ ಮೇಲೆ ತಾನಾಗಿ ಹುಟ್ಟಿದ ಚೀನಿಬಳ್ಳಿ ಕೊಟ್ಟಿಗೆಯ ಸೂರು ಹತ್ತುತ್ತಿತ್ತು. ಅದಕ್ಕೆ ಯಾರೂ ಹೂ ಮುಟ್ಟಿಸಿದ್ದನ್ನು ನಾನು ಕಂಡಿಲ್ಲ. ಅಮ್ಮ ಗಂಡು ಹೂಗಳನ್ನು ಕುಯ್ದು ಬಜ್ಜಿ ಕರಿಯುತ್ತಿದ್ದಳು. ‘ಎಲ್ಲಾ ಕುಯ್ಯಬೇಡಿ, ನಾಲ್ಕು ಬಿಡಿ’ ಎನ್ನುತ್ತಿದ್ದಳು. ಯಾಕೆ ಎಂದು ನಾವು ಕೇಳಲಿಲ್ಲ, ಅವಳು ಹೇಳಲಿಲ್ಲ. ಜಗಲಿಯ ಪಕ್ಕದ ಗೋಡೆಯ ಪೊಟರೆಯಲ್ಲೇ ತುಡುವೆ ಸಂಸಾರ ಇತ್ತು. ಆಮೇಲೆ 1991–92ರ ಸುಮಾರಿಗೆ ದಕ್ಷಿಣ ಭಾರತಕ್ಕೆಲ್ಲ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗ ಬಂದು ತುಡುವೆ ಗೂಡುಗಳು ಸಾಲುಸಾಲಾಗಿ ಖಾಲಿಯಾದವು. ಮರಿಹುಳುಗಳು ಗೂಡಿನ ಕಣ್ಣುಗಳಲ್ಲೇ ಸಾಯುತ್ತಿದ್ದವು. ಎಷ್ಟೋ ಮನೆಗಳ ಜೇನುಪೆಟ್ಟಿಗೆಗಳು ಅಟ್ಟ ಸೇರಿದವು. ಆ ಪೊಟರೆಯನ್ನು ಅಣ್ಣ ಮನೆ ದುರಸ್ತಿ ಮಾಡಿಸುವಾಗ ಸಿಮೆಂಟು ಹಾಕಿ ಮುಚ್ಚಿಸಿದ.

ಹೂವಿಗೆ ಹೂ ಮುಟ್ಟಿಸುವ ವಿದ್ಯೆ ಬಹಳ ಹಳೆಯದು. ಖರ್ಜೂರದಲ್ಲಿ ಗಂಡು ಮರ ಬೇರೆ, ಹೆಣ್ಣು ಮರ ಬೇರೆ. ಬ್ಯಾಬಿಲೋನಿನವರು ಗಂಡು ಗೊಂಚಲನ್ನು ತಂದು ಹೆಣ್ಣಿಗೆ ಮುಟ್ಟಿಸುತ್ತಿದ್ದರು. ಸುಮಾರು 3,750 ವರ್ಷಗಳ ಹಿಂದಿನ ಹಮ್ಮುರಬಿ ದೊರೆಯ ಕಾನೂನಿನಲ್ಲಿ ಇದಕ್ಕೊಂದು ನಿಯಮವೇ ಇದೆ: ತೋಟದ ಒಡೆಯ ಪರಾಗ ಮುಟ್ಟಿಸುವ ಕೆಲಸವನ್ನು ತೋಟಗಾರನಿಗೆ ವಹಿಸಿದರೆ, ಫಲದಲ್ಲಿ ಮೂರರಲ್ಲಿ ಎರಡು ಪಾಲು ಒಡೆಯನಿಗೆ, ಒಂದು ಪಾಲು ಆ ತೋಟಗಾರನಿಗೆ. ಈ ಒಂದು ಪಾಲನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ವಿದ್ಯೆ ಗೊತ್ತಿತ್ತು, ಕಾರಣ ಗೊತ್ತಿರಲಿಲ್ಲ. ಗಿಡಗಳಲ್ಲೂ ಗಂಡು ಹೆಣ್ಣು ಉಂಟು, ಪರಾಗವಿಲ್ಲದೆ ಬೀಜವಿಲ್ಲ ಎಂದು ಪ್ರಯೋಗ ಮಾಡಿ ತೋರಿಸಿದವನು ಜರ್ಮನಿಯ ಟ್ಯೂಬಿಂಗನ್ನಿನ ರುಡಾಲ್ಫ್ ಕಮೆರಾರಿಯಸ್, 1694ರಲ್ಲಿ. ಹರಳುಗಿಡದ ಗಂಡು ಹೂಗಳನ್ನು ಅರಳುವ ಮುಂಚೆಯೇ ಚಿವುಟಿ ಹಾಕಿದ, ಹರಳು ಕಟ್ಟಲಿಲ್ಲ. ಮುಸುಕಿನ ಜೋಳದಲ್ಲೂ ಪರೀಕ್ಷೆ ಮಾಡಿದ.

ಕುಂಬಳದ ಹೂ ಈ ಚರಿತ್ರೆಗೆ ಬರುವುದು ಒಬ್ಬ ಕಳ್ಳನ ದೆಸೆಯಿಂದ. 1716ರಲ್ಲಿ ಅಮೆರಿಕದ ಬಾಸ್ಟನ್ನಿನ ಪಾದ್ರಿ ಕಾಟನ್ ಮೇದರ್ ಲಂಡನ್ನಿಗೆ ಬರೆದ ಒಂದು ಪತ್ರದಲ್ಲಿ ಈ ಪ್ರಸಂಗ ಇದೆ. ಅವನ ಸ್ನೇಹಿತನೊಬ್ಬನ ತೋಟದಲ್ಲಿ ಕುಂಬಳಗಳು ಕಳುವಾಗುತ್ತಿದ್ದವು. ಕಳ್ಳರಿಗೆ ಬುದ್ಧಿ ಕಲಿಸಲೆಂದು ಆತ ಕುಂಬಳಗಳ ನಡುವೆ ನೋಡಲು ಹಾಗೆಯೇ ಕಾಣುವ ಕಹಿ ಬುರುಡೆಯ ಬಳ್ಳಿಗಳನ್ನೂ ನೆಟ್ಟು, ತನಗೆ ಮಾತ್ರ ತಿಳಿಯುವಂತೆ ಗುರುತು ಮಾಡಿಟ್ಟುಕೊಂಡ. ಕಳ್ಳರು ಕಹಿಕಾಯಿ ಕದ್ದರು, ಸಿಕ್ಕಿಬಿದ್ದರು, ಊರೆಲ್ಲ ನಕ್ಕಿತು. ಆದರೆ ಪಾಪ, ತೋಟದವನಿಗೂ ಒಂದು ಕುಂಬಳ ದಕ್ಕಲಿಲ್ಲ. ಒಳ್ಳೆಯ ಬಳ್ಳಿಯ ಕಾಯಿಗಳೂ ಕಹಿಯಾಗಿಬಿಟ್ಟಿದ್ದವು! ಒಂದರ ಪರಾಗ ಇನ್ನೊಂದನ್ನು ಸೇರುತ್ತದೆ ಎಂಬುದಕ್ಕೆ ಸಿಕ್ಕಿದ ಆರಂಭದ ಲಿಖಿತ ಸಾಕ್ಷ್ಯಗಳಲ್ಲಿ ಈ ಪತ್ರವೂ ಒಂದು.

ಮೇದರನ ಮಾತಿನಲ್ಲಿ ಎಲ್ಲ ಒಂದೇ ಬೆಳೆಯಲ್ಲಿ ನಡೆದಂತಿದೆ. ಈಗ ತಿಳಿದಿರುವ ಪ್ರಕಾರ ಹಾಗಾಗದು. ಕಾಯಿಯ ತಿರುಳು ತಾಯಿ ಬಳ್ಳಿಯದೇ. ಬೇರೆ ಪರಾಗದ ಗುಣ ಸೇರುವುದು ಬೀಜಕ್ಕೆ. ಆ ಬೀಜ ಹಾಕಿ ಬೆಳೆದ ಮುಂದಿನ ಬೆಳೆಯಲ್ಲಿ ಕಹಿ ಹೊರಬರುತ್ತದೆ. ನಮ್ಮ ಅಡಿಗೆಮನೆಗೂ ಇದರಲ್ಲಿ ಒಂದು ಮಾತಿದೆ. ಹಾಗಲದ ಕಹಿ ಬೇರೆ. ಸೋರೆ, ಸೌತೆ, ಜುಕಿನಿ, ಕುಂಬಳ ಇವುಗಳಲ್ಲಿ ಯಾವುದಾದರೂ ಕಡುಕಹಿ ಬಂದರೆ ಬೆಲ್ಲ ಹಾಕಿ ಸರಿಮಾಡಲು ಹೋಗಬೇಡಿ, ಎಸೆಯಿರಿ. ಕಹಿ ಸೋರೆಯ ರಸ ಕುಡಿದು ಪ್ರಾಣ ಕಳೆದುಕೊಂಡವರು ನಮ್ಮ ದೇಶದಲ್ಲೇ ಇದ್ದಾರೆ.

ಅತ್ತಿಗೆ ಬಂದ ಮೂರನೆಯ ದಿನ ನನ್ನ ಗಿಡದಲ್ಲಿ ಹೆಣ್ಣು ಹೂ ಅರಳಿತ್ತು, ಗಂಡು ಹೂ ಇರಲಿಲ್ಲ. ‘ಪಕ್ಕದವರ ಚೀನಿಬಳ್ಳಿ ಉಂಟಲ್ಲ, ಅದರದ್ದು ತಾ’ ಎಂದರು. ತಂದೆ. ಮುಟ್ಟಿಸಿದರು. ಆ ಕಾಯಿ ಐದನೇ ದಿನಕ್ಕೆ ಹಳದಿಯಾಯಿತು. ಕಾರಣ ಹುಡುಕಿದರೆ ಪ್ಯಾರಿಸ್ಸಿನ ಶಾರ್ಲ್ ನೋದಾಂ ಎಂಬ ಸಸ್ಯಶಾಸ್ತ್ರಜ್ಞ ಸಿಕ್ಕಿದ. 1850ರ ದಶಕದಲ್ಲಿ ಅಲ್ಲಿನ ಮ್ಯೂಸಿಯಮ್ಮಿನ ತೋಟದಲ್ಲಿ ಬಗೆಬಗೆಯ ಕುಂಬಳ ಬೆಳೆದು, ಒಂದರ ಹೂವಿನ ಪರಾಗವನ್ನು ಇನ್ನೊಂದಕ್ಕೆ ಮುಟ್ಟಿಸಿ ಮುಟ್ಟಿಸಿ, ಯಾವುದು ಯಾವುದರ ಸೋದರ, ಯಾವುದು ದೂರದ ನೆಂಟ ಎಂದು ಬಿಡಿಸಿಟ್ಟವನು ಆತ. ಅದಕ್ಕೂ ಮೊದಲು ಬಣ್ಣ, ಆಕಾರ ನೋಡಿ ಹೆಸರಿಟ್ಟು ಎಲ್ಲ ಗೋಜಲಾಗಿತ್ತು. ಜುಕಿನಿಯ ಜಾತಿಯೂ ನಮ್ಮ ಸಿಹಿಕುಂಬಳದ ಜಾತಿಯೂ ಬೇರೆಬೇರೆ, ಸುಲಭಕ್ಕೆ ಕೂಡುವುದಿಲ್ಲ. ಹೂ ಒಂದೇ ಥರ ಕಂಡರೂ ಸಂಬಂಧ ಕುದುರಲಿಲ್ಲ.

ಇನ್ನು ಹೆಬ್ಬೆರಳಿನ ಕಥೆ. ಅದಕ್ಕೆ ಹಿಂದೂ ಮಹಾಸಾಗರದ ಒಂದು ದ್ವೀಪಕ್ಕೆ ಹೋಗಬೇಕು. ಮಡಗಾಸ್ಕರಿನ ಪೂರ್ವಕ್ಕಿರುವ, ಆಗ ಬೂರ್ಬೊನ್ ಎಂದು ಕರೆಯುತ್ತಿದ್ದ ಈಗಿನ ರಿಯೂನಿಯನ್. ಫ್ರೆಂಚರ ವಸಾಹತು. ಕಬ್ಬಿನ ಗದ್ದೆಗಳಲ್ಲಿ ಗುಲಾಮರ ದುಡಿಮೆ. 1820ರ ಸುಮಾರಿಗೆ ಅಲ್ಲಿಗೆ ವೆನಿಲ್ಲಾ ಬಳ್ಳಿ ತಂದು ನೆಟ್ಟಿದ್ದರು. ವೆನಿಲ್ಲಾದ ತವರೂ ಮೆಕ್ಸಿಕೊವೇ. ಅಲ್ಲಿ ಕಾಯಿ ಬಿಡುತ್ತದೆ, ಬೇರೆ ಕಡೆ ಬಳ್ಳಿ ಹಬ್ಬುತ್ತದೆ, ಹೂ ಬಿಡುತ್ತದೆ, ಕಾಯಿ ಮಾತ್ರ ಇಲ್ಲ. ಅಲ್ಲಿನ ಕಾಡುಜೇನು ಇಲ್ಲಿಲ್ಲವಲ್ಲ! ನನ್ನ ತಾರಸಿಯದೇ ಸಮಸ್ಯೆ. ವೆನಿಲ್ಲಾದ ಕಷ್ಟ ಇನ್ನೂ ಒಂದು ತೂಕ ಹೆಚ್ಚು. ಒಂದೇ ಹೂವಿನೊಳಗೆ ಗಂಡು ಹೆಣ್ಣು ಎರಡೂ ಭಾಗ ಇವೆ, ಆದರೆ ನಡುವೆ ತೆಳ್ಳಗಿನ ಒಂದು ಪರದೆ. ಬೆಲ್ಜಿಯಮ್ಮಿನ ಪ್ರೊಫೆಸರ್ ಶಾರ್ಲ್ ಮೊರೆನ್ 1836ರಲ್ಲಿ ಗಾಜಿನ ಮನೆಯಲ್ಲಿ ಕೈಯಿಂದ ಪರಾಗ ಮುಟ್ಟಿಸಿ ಕಾಯಿ ಪಡೆದಿದ್ದ. ಆದರೆ ತೋಟದ ಕೆಲಸಕ್ಕೆ ಒದಗುವ ಸುಲಭದ ಕೈಚಳಕ ಅದಾಗಲಿಲ್ಲ.

ರಿಯೂನಿಯನ್ನಿನ ಸೇಂಟ್ ಸುಜಾನ್ ಎಂಬ ಊರಲ್ಲಿ ಫೆರೆಯೋಲ್ ಬೆಲ್ಯೇ ಬೋಮೋಂ ಎಂಬ ಜಮೀನ್ದಾರನಿದ್ದ. ಅವನ ಬಳಿ ಎಡ್ಮಂಡ್ ಎಂಬ ಗುಲಾಮ ಹುಡುಗ. 1829ರಲ್ಲಿ ಹುಟ್ಟಿದವನು. ಹೆರಿಗೆಯಲ್ಲೇ ತಾಯಿ ಸತ್ತಿದ್ದಳು. ಅಡ್ಡಹೆಸರು ಇಲ್ಲ, ಗುಲಾಮರಿಗೆ ಅದು ಇರುತ್ತಿರಲಿಲ್ಲ. ಒಡೆಯನಿಗೆ ಗಿಡಗಳ ಹುಚ್ಚು. ಹುಡುಗ ಅವನ ಬೆನ್ನಿಗೇ ತೋಟ ಸುತ್ತುತ್ತ ಗಿಡಗಳ ಹೆಸರು ಕಲಿತಿದ್ದ. ಒಂದು ದಿನ ಒಡೆಯ ಅವನಿಗೆ ಒಂದು ಬಳ್ಳಿಯಲ್ಲಿ ಗಂಡು ಹೂವನ್ನು ಹೆಣ್ಣು ಹೂವಿಗೆ ಮುಟ್ಟಿಸುವುದನ್ನು ತೋರಿಸಿಕೊಟ್ಟ. ಯಾವ ಬಳ್ಳಿ ಅಂತೀರಿ? ನಮ್ಮ ಕುಂಬಳದ ಬಳಗದ್ದೇ. ಕಲ್ಲಂಗಡಿ ಎಂದು ಕೆಲವರು ಬರೆಯುತ್ತಾರೆ, ಅದೇ ಕುಲದ ಇನ್ನೊಂದು ಬಳ್ಳಿ ಎಂದು ಕೆಲವರು. ಇದನ್ನು ಓದಿದಾಗ ನಾನು ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ಓದಿದೆ.

1841ರಲ್ಲಿ ಒಂದು ದಿನ ಒಡೆಯ ತೋಟದಲ್ಲಿ ಹೋಗುತ್ತಿದ್ದಾಗ, ಸುಮಾರು ಇಪ್ಪತ್ತು ವರ್ಷದಿಂದ ಬಂಜೆಯೆನಿಸಿಕೊಂಡಿದ್ದ ವೆನಿಲ್ಲಾ ಬಳ್ಳಿಯಲ್ಲಿ ಒಂದು ಕೋಡು ತೂಗುತ್ತಿತ್ತು. ನಾನೇ ಮಾಡಿದ್ದು ಎಂದ ಹನ್ನೆರಡು ವರ್ಷದ ಹುಡುಗ. ಒಡೆಯ ನಂಬಲಿಲ್ಲ. ಕೆಲವು ದಿನಗಳಲ್ಲಿ ಇನ್ನೊಂದು ಕೋಡು ಕಂಡಿತು. ಹಾಗಾದರೆ ತೋರಿಸು ಎಂದಾಗ ಹುಡುಗ ಒಂದು ಸಣ್ಣ ಕಡ್ಡಿಯಿಂದ ಹೂವಿನೊಳಗಿನ ಪರದೆಯನ್ನು ಎತ್ತಿ, ಪರಾಗದ ಮುದ್ದೆಯನ್ನು ಹೆಬ್ಬೆರಳಿನಿಂದ ಶಲಾಕಾಗ್ರಕ್ಕೆ ಒತ್ತಿದ. ಕುಂಬಳದ ಹೂವಿನಲ್ಲಿ ಕಂಡಿದ್ದನ್ನು ಈ ಗೂಢ ಹೂವಿನೊಳಗೂ ಹುಡುಕಿದ್ದ. ಒಡೆಯ ಅವನನ್ನು ನೆರೆಹೊರೆಯ ತೋಟಗಳಿಗೆ ಕಳಿಸಿ ಬೇರೆ ಗುಲಾಮರಿಗೂ ಕಲಿಸುವ ಏರ್ಪಾಡು ಮಾಡಿದ. 1848ರಲ್ಲಿ ಐವತ್ತು ಕಿಲೋ ವೆನಿಲ್ಲಾ ಹೊರಕ್ಕೆ ಕಳಿಸಿದ ದ್ವೀಪ 1898ರಲ್ಲಿ ಇನ್ನೂರು ಟನ್ ಕಳಿಸಿತು. ಅಲ್ಲಿಂದ ವಿದ್ಯೆ ಮಡಗಾಸ್ಕರಿಗೆ ಹೋಯಿತು. ಫ್ರೆಂಚರಲ್ಲಿ ಇಂದಿಗೂ ಅದಕ್ಕೆ ‘ಎಡ್ಮಂಡನ ಚಲನೆ’ ಎಂದೇ ಹೆಸರು.

ಎಡ್ಮಂಡನಿಗೆ ಏನು ಬಂತು? 1848ರ ಡಿಸೆಂಬರಿನಲ್ಲಿ ದ್ವೀಪದ ಗುಲಾಮರೆಲ್ಲರಿಗೂ ಬಿಡುಗಡೆಯಾಯಿತು. ಅವನಿಗೆ ಆಲ್ಬಿಯಸ್ ಎಂಬ ಅಡ್ಡಹೆಸರು ಸಿಕ್ಕಿತು. ಬಿಳುಪು ಎಂಬರ್ಥದ ಲ್ಯಾಟಿನ್ ಪದದಿಂದ ಬಂದದ್ದಂತೆ! ಕಪ್ಪು ಹುಡುಗನಿಗೆ ಆ ಹೆಸರಿಟ್ಟವರ ಮನಸ್ಸಿನಲ್ಲಿ ಏನಿತ್ತೋ. ಪಟ್ಟಣಕ್ಕೆ ಹೋಗಿ ಅಡುಗೆಮನೆಯ ಆಳಾದ. ಒಂದು ಒಡವೆ ಕಳವಿನ ಪ್ರಕರಣದಲ್ಲಿ ಜೈಲು ಸೇರಿದ. ದ್ವೀಪಕ್ಕೆ ಇಷ್ಟು ಸಂಪತ್ತು ತಂದವನು ಎಂದು ನ್ಯಾಯಾಧೀಶರೊಬ್ಬರು ಗವರ್ನರಿಗೆ ಬರೆದ ಮೇಲೆ ಅವಧಿಗೆ ಮುಂಚೆ ಬಿಟ್ಟರು. ಅತ್ತ ರಿಷಾರ್ ಎಂಬ ಹೆಸರಾಂತ ಸಸ್ಯಶಾಸ್ತ್ರಜ್ಞ, ಆ ವಿದ್ಯೆಯನ್ನು ದ್ವೀಪಕ್ಕೆ ತೋರಿಸಿಕೊಟ್ಟವನು ನಾನೇ, ಹುಡುಗ ಎಲ್ಲೋ ನಿಂತು ನೋಡಿರಬೇಕು ಎಂದು ವಾದಿಸಿದ. ಹಳೆಯ ಒಡೆಯ ಆಗ ಎಡ್ಮಂಡನ ಪರವಾಗಿ ಪತ್ರ ಬರೆದ, ಅಷ್ಟರಮಟ್ಟಿಗೆ ಅವನನ್ನು ಮೆಚ್ಚಬೇಕು. ಆದರೆ ಪತ್ರದಿಂದ ಹೊಟ್ಟೆ ತುಂಬುತ್ತದೆಯೇ? 1880ರ ಆಗಸ್ಟಿನಲ್ಲಿ ಎಡ್ಮಂಡ್ ಅದೇ ಸೇಂಟ್ ಸುಜಾನಿನಲ್ಲಿ ಕಡುಬಡತನದಲ್ಲಿ ತೀರಿಕೊಂಡ. ಈಗ ಅಲ್ಲಿ ಅವನ ಪ್ರತಿಮೆಯಿದೆ. ಹಮ್ಮುರಬಿಯ ತೋಟಗಾರನಿಗೆ ಮೂರರಲ್ಲಿ ಒಂದು ಪಾಲು ಇತ್ತಲ್ಲ, ಅದು ಬರೀ ಪರಾಗ ಮುಟ್ಟಿಸಿದ್ದಕ್ಕೆ.

ನಮ್ಮ ಮಲೆನಾಡಿಗೆ ವೆನಿಲ್ಲಾದ ಗಾಳಿ ಜೋರಾಗಿ ಬೀಸಿದ್ದು ತೊಂಬತ್ತರ ದಶಕದ ಕೊನೆಯಲ್ಲಿ. 2000ದ ಏಪ್ರಿಲಿನಲ್ಲಿ ಹುಡಾ ಎಂಬ ಚಂಡಮಾರುತ ಮಡಗಾಸ್ಕರಿನ ತೋಟಗಳನ್ನು ಹೊಡೆದುಹಾಕಿತು. ದರ ಏರಿತು. 2003ರ ಹೊತ್ತಿಗೆ ಹಸಿ ಕೋಡಿಗೇ ಕಿಲೋಗೆ ಸಾವಿರಗಟ್ಟಲೆ ರೂಪಾಯಿ. ಸಾಗರ, ಶಿರಸಿ, ತೀರ್ಥಹಳ್ಳಿಯಿಂದ ದಕ್ಷಿಣ ಕನ್ನಡದವರೆಗೆ ಅಡಿಕೆ ತೋಟಗಳಲ್ಲೆಲ್ಲ ವೆನಿಲ್ಲಾ. ಬಳ್ಳಿ ಕಳವು, ಕಾಯಿ ಕಳವು, ರಾತ್ರಿ ಕಾವಲು. ನನ್ನ ಅಣ್ಣನೂ ಸಾಲ ಮಾಡಿ ನೆಟ್ಟ. ಹೂ ಬರುವುದು ಚಳಿ ಕಳೆಯುವ ತಿಂಗಳುಗಳಲ್ಲಿ. ಒಂದು ಗೊಂಚಲಲ್ಲಿ ದಿನಕ್ಕೆ ಒಂದೋ ಎರಡೋ ಅರಳುತ್ತವೆ, ಮಧ್ಯಾಹ್ನಕ್ಕೆ ಬಾಡುತ್ತವೆ. ಅಷ್ಟರೊಳಗೆ ಪ್ರತಿ ಹೂವಿಗೂ ಎಡ್ಮಂಡನ ಚಲನೆ ಆಗಬೇಕು. ನಮ್ಮಲ್ಲಿ ಅದಕ್ಕೆ ‘ಪಾಲಿನೇಷನ್ ಮಾಡೋದು’ ಎನ್ನುತ್ತಿದ್ದರು. ಗಂಡಸರ ದಪ್ಪ ಬೆರಳಿಗೆ ಅದು ಒಗ್ಗಲಿಲ್ಲ, ಅಥವಾ ಒಗ್ಗುವುದಿಲ್ಲ ಎಂದು ಅವರು ಹೇಳಿದರು. ನಾಲ್ಕು ವರ್ಷ ಆ ಕೆಲಸ ಅತ್ತಿಗೆಯದು.

‘ನಾಲ್ಕೂವರೆಗೆ ಏಳೋದು, ಹಾಲು ಕರೆಯೋದು, ತಿಂಡಿ ಮುಗಿಸೋದು. ಆರೂವರೆಗೆ ತೋಟ. ಹಿಡಿಕಡ್ಡಿ ಒಂದು ಕೈಯಲ್ಲಿ. ಹನ್ನೊಂದೂವರೆ ತನಕ ಕತ್ತು ಎತ್ತಿದ್ದು ಎತ್ತಿದ ಹಾಗೇ. ದಿನಕ್ಕೆ ಸಾವಿರ ಹೂವಿನ ಮೇಲೆ ಆಗ್ತಿತ್ತು. ಬಳ್ಳಿ ಸೊನೆ ತಾಗಿದ್ರೆ ಕೈಯೆಲ್ಲ ತುರಿಕೆ. ಮಾರನೇ ದಿನ ಹೂ ಉದುರದೆ ಕಾಯಿ ತುದೀಲೇ ಅಂಟಿಕೊಂಡಿದ್ರೆ ಗೆದ್ದ ಹಾಗೆ.’ ಹೇಳುತ್ತ ಅತ್ತಿಗೆ ತಮ್ಮ ಹೆಬ್ಬೆರಳನ್ನು ತಾವೇ ನೋಡಿಕೊಂಡರು.

2003ರಲ್ಲಿ ಅಣ್ಣನಿಗೆ ಒಳ್ಳೆಯ ದುಡ್ಡು ಬಂತು. ಸಾಲ ತೀರಿತು, ಮಾಡಿಗೆ ಹೊಸ ಹೆಂಚು ಬಿತ್ತು, ಒಂದು ಕಾರೂ ಬಂತು. ಆಗ ನಾನೇ ಒಂದು ಪತ್ರಿಕೆಗೆ ಅವನ ತೋಟದ ಬಗ್ಗೆ ಒಂದು ಲೇಖನ ಬರೆದೆ. ಬಳ್ಳಿಗೆ ಆಧಾರವಾಗಿ ನಿಂತ ಅಣ್ಣನ ಫೋಟೋ ಬಂದಿತ್ತು. ಅತ್ತಿಗೆ ಹೋದ ಮೇಲೆ ಆ ಕತ್ತರಿಕೆಯನ್ನು ಟ್ರಂಕಿನಿಂದ ತೆಗೆದು ಓದಿದೆ. ಅಣ್ಣನ ಸಾಹಸ ಇದೆ, ಚಂಡಮಾರುತ ಇದೆ, ದರ ಇದೆ, ಗೊಬ್ಬರದ ಲೆಕ್ಕ ಇದೆ. ಅತ್ತಿಗೆ ಇರುವುದು ಎರಡೇ ಪದದಲ್ಲಿ, ‘ಮನೆಮಂದಿಯ ಸಹಕಾರದಿಂದ’. ಆ ಲೇಖನ ಬರೆಯಲು ಹೋದಾಗ ಎರಡು ದಿನ ಅವರ ಕೈಯ ಅಡುಗೆ ಉಂಡಿದ್ದೆ. ಬೆಳಿಗ್ಗೆ ನಾನೇಳುವ ಹೊತ್ತಿಗೆ ಅವರು ತೋಟದಲ್ಲಿರುತ್ತಿದ್ದರು. ಎಲ್ಲಿ ಹೋದರು ಎಂದು ಕೂಡ ನಾನು ಕೇಳಿರಲಿಲ್ಲ. ರಿಷಾರನ ಬಗ್ಗೆ ಮೇಲೆ ಅಷ್ಟು ಖಾರವಾಗಿ ಬರೆಯುವಾಗ ನನ್ನ ಪೆನ್ನು ಸ್ವಲ್ಪ ತಡವರಿಸಿದ್ದು ಇದಕ್ಕೇ.

ಅದರ ಮರುವರ್ಷವೇ ದರ ನೆಲಕಚ್ಚಿತು. ಬೇರುಕೊಳೆ ರೋಗವೂ ಬಂತು. ಅಣ್ಣ ಬಳ್ಳಿ ಕಿತ್ತು ಕಾಳುಮೆಣಸು ಹಬ್ಬಿಸಿದ.

ಎಡ್ಮಂಡನ ಕಥೆಯನ್ನು ಅತ್ತಿಗೆಗೆ ಹೊರಡುವ ಹಿಂದಿನ ರಾತ್ರಿ ಹೇಳಿದ್ದೆ. ಅವರೆಕಾಳು ಹಿಚುಕುತ್ತ ಕೇಳಿದರು. ಅವರ ಪ್ರಶ್ನೆ ಒಂದೇ.

‘ಆ ಹುಡುಗನಿಗೆ ಕೂಲಿ ಎಷ್ಟು ಕೊಡ್ತಿದ್ರು?’

‘ಗುಲಾಮರಿಗೆ ಕೂಲಿ ಎಲ್ಲಿಂದ ಅತ್ತಿಗೆ?’

‘ಹೌದಾ...’ ಎಂದು ಎರಡು ಕಾಳು ಹಿಚುಕಿ, ‘ನಂಗೂ ಯಾರೂ ಕೊಟ್ಟಿಲ್ಲ ಬಿಡು’ ಎಂದು ನಕ್ಕುಬಿಟ್ಟರು. ಎರಡೂ ಒಂದೇ ಅಲ್ಲ. ಆ ಹುಡುಗನನ್ನು ಮಾರಬಹುದಿತ್ತು, ಹೊಡೆಯಬಹುದಿತ್ತು. ನನ್ನ ಅತ್ತಿಗೆ ತಮ್ಮ ಮನೆಗೆ ತಾವು ದುಡಿದವರು, ಆ ಹೆಂಚಿನ ಕೆಳಗೇ ಮಲಗುವವರು. ಅವರಿಗೂ ಅದು ಗೊತ್ತು. ಅದಕ್ಕೇ ನಕ್ಕಿದ್ದು. ಆದರೂ ನನಗೆ ನಗು ಬರಲಿಲ್ಲ.

‘ನಿಮಗೆ ಇದನ್ನ ಕಲಿಸಿದ್ದು ಯಾರು? ಅಣ್ಣನಾ?’

‘ಅವರಿಗೆಲ್ಲಿ ಬರ್ತದೆ! ಪಕ್ಕದ ತೋಟಕ್ಕ್ ಕೂಲಿಗೆ ಬರ್ತಿದ್ಳು ಒಬ್ಬಳು ಹುಡುಗಿ. ಎರಡು ಜಡೆ ಹಾಕ್ತಿದ್ಳು. ಅವಳು ಬೇಲಿ ದಾಟಿ ಬಂದು ಒಂದು ಬೆಳಿಗ್ಗೆ ತೋರಿಸಿಕೊಟ್ಟದ್ದು. ಎಂಥ ಚುರುಕು ಅಂತೀಯ! ಹೆಸರು...’ ಅತ್ತಿಗೆಯ ಕೈ ನಿಂತಿತು. ‘ಹೆಸರು ಎಂಥದೋ ಇತ್ತು. ನೋಡು, ಬಾಯಿಗೆ ಬರ್ತಾ ಇಲ್ಲ.’

ಆ ರಾತ್ರಿ ಅವರು ಎರಡು ಸಲ ಎದ್ದು ನೀರು ಕುಡಿದರು. ಬೆಳಿಗ್ಗೆ ಬಸ್ಸು ಹತ್ತುವಾಗಲೂ ‘ಹೆಸರು ನೆನಪಾಗ್ಲೇ ಇಲ್ಲ ನೋಡು’ ಎಂದರು.

ಅವರು ಮೊದಲ ದಿನ ಮುಟ್ಟಿಸಿದ ಹೀಚು ಉದುರಲಿಲ್ಲ. ದಿನಕ್ಕೊಂದು ಬೆರಳಿನಷ್ಟು ಬೆಳೆಯಿತು. ಏಳನೆಯ ದಿನ ಕುಯ್ದೆ. ಆಮೇಲೆ ನಾನೇ ಬೆಳಿಗ್ಗೆ ಆರೂವರೆಗೆ ಹೋಗಿ ಮುಟ್ಟಿಸಿದವುಗಳಲ್ಲಿ ಮೂರು ಸೊಟ್ಟ, ನಾಲ್ಕು ನೆಟ್ಟಗೆ ಬಂದವು. ಚಪ್ಪಲಿಯನ್ನು ಪಕ್ಕದ ಮನೆಯಾಕೆಗೆ ಕಾಣದ ಹಾಗೆ ಬಿಚ್ಚಿ ಎಸೆದೆ. ನೆಟ್ಟಗಿನ ಎರಡನ್ನು ಆರಿಸಿ, ಆ ಕಡೆ ಹೊರಟಿದ್ದ ಅಣ್ಣನ ಮಗನ ಕೈಯಲ್ಲಿ ಸಾಗರಕ್ಕೆ ಕಳಿಸಿದೆ. ಮಾರನೆಯ ಸಂಜೆ ಅತ್ತಿಗೆಯ ಫೋನ್ ಬಂತು.

‘ಪಲ್ಯ ಮಾಡಿದೆ ಮಾರಾಯ್ತಿ. ಬರೀ ನೀರು. ಸೌತೆಕಾಯಿಯೂ ಅಲ್ಲ, ಚೀನಿಕಾಯಿಯೂ ಅಲ್ಲ. ಇದಕ್ಕಾ ನಾವು ಕಾಫಿ ಬಿಟ್ಟು ಅಷ್ಟು ಒದ್ದಾಡಿದ್ದು?’

ಒಂದು ಕ್ಷಣ ಬಿಟ್ಟು, ‘ಆದ್ರೂ ಪೊಟ್ಟಣದಲ್ಲಿ ಬೀಜ ಉಳಿದಿದ್ರೆ ನಾಲ್ಕು ಕಳಿಸು’ ಎಂದರು.